ಗ್ರಂಥಾಲಯದ ಮುಂದಿನ ಗುಂಡಿ

ಗ್ರಂಥಾಲಯದ ಮುಂದಿನ ರಸ್ತೆಯಲ್ಲಿದ್ದ ಗುಂಡಿಗೆ ಬಿದ್ದು ಒಂದು ಬುಧವಾರ ಬೆಳಿಗ್ಗೆ ಕನ್ನಡಕದಂಗಡಿಯವನ ಕಾರಿನ ಆಕ್ಸಲ್ ಮುರಿಯಿತು. ನಗರಸಭೆಯವರು ಅಲ್ಲಿ ಗುಂಡಿಯೇ ಇಲ್ಲ ಎಂದರು.

ಕನ್ನಡಕದಂಗಡಿಯವನನ್ನು ಬೀದಿಯವರೆಲ್ಲ ‘ಆಯ್ತುಬಿಡಿ’ ಎಂದು ಕರೆಯುತ್ತಿದ್ದರು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಅದೇ. ಹೊಸ ಫ್ರೇಮಿನ ಮೇಲೆ ತಾನೇ ಕುಳಿತು ಪುಡಿ ಮಾಡಿಕೊಂಡವನು ಬಂದು, ‘ನಿಮ್ಮ ಮಾಲೇ ಸರಿಯಿಲ್ಲ, ಬೇರೆ ಕೊಡಿ’ ಎಂದರೆ, ‘ಆಯ್ತು ಬಿಡಿ.’ ಪಕ್ಕದ ದರ್ಜಿ, ‘ಒಂದು ಸೈಕಲ್ಲು ನಿಮ್ಮ ಅಂಗಡಿ ಮುಂದೆ ನಿಲ್ಲಿಸ್ತೀನಿ’ ಎಂದರೆ, ‘ಆಯ್ತು ಬಿಡಿ.’ ಸೈಕಲ್ಲು ಬಂದ ಹಿಂದೆಯೇ ಇಸ್ತ್ರಿ ಮೇಜು ಬಂತು, ಇಸ್ತ್ರಿ ಮೇಜಿನ ಹಿಂದೆ ದರ್ಜಿಯ ಭಾವಮೈದುನ ಬಂದ, ಆ ಭಾವಮೈದುನ ಮಧ್ಯಾಹ್ನದ ನಿದ್ದೆಗೆ ಕನ್ನಡಕದಂಗಡಿಯ ಬೆಂಚನ್ನೇ ಗೊತ್ತು ಮಾಡಿಕೊಂಡ. ಕಣ್ಣು ಪರೀಕ್ಷೆಗೆ ಬಂದವರು ಅವನು ಏಳುವ ತನಕ ನಿಂತೇ ಇರುತ್ತಿದ್ದರು.

ಕಾರು ಬಂದದ್ದೂ ಹಾಗೆಯೇ. ಎದುರುಮನೆಯ ನಿವೃತ್ತ ಮೇಷ್ಟ್ರು ತಮ್ಮ ಹಳೆಯ ಕಾರಿನ ಬಾನೆಟ್ಟನ್ನು ಮಗುವಿನ ತಲೆ ಸವರಿದಂತೆ ಸವರುತ್ತ, ‘ಯಾರ್ಯಾರೋ ಕೇಳಿದ್ರು, ಕೊಡಲಿಲ್ಲ. ಇದು ನಿಮಗೇ ಅಂತ ಇಟ್ಟಿದ್ದೆ’ ಎಂದರು. ಯಾರೂ ಕೇಳಿರಲಿಲ್ಲ. ಆಯ್ತುಬಿಡಿಗೆ ಕಾರು ಬೇಕಿರಲಿಲ್ಲ. ಓಡಿಸಲು ಕಲಿತು ಬಹಳ ವರ್ಷವಾಗಿತ್ತು, ಓಡಿಸಿ ಅದಕ್ಕಿಂತ ಹೆಚ್ಚು ವರ್ಷವಾದಂತೆ ಅವನಿಗೇ ಅನ್ನಿಸುತ್ತಿತ್ತು. ಆದರೂ ಕಣ್ಣು ಪರೀಕ್ಷೆಯ ಹೊಸ ಯಂತ್ರಕ್ಕೆಂದು ಗಂಡ ಹೆಂಡತಿ ಕೂಡಿಸಿಟ್ಟಿದ್ದ ಗಂಟು ಮೇಷ್ಟ್ರ ಮನೆ ಸೇರಿತು, ಕಾರು ಇವನ ಬಾಗಿಲಿಗೆ ಬಂತು. ಮೇಷ್ಟ್ರು ಆ ಸಂಜೆ ತಮ್ಮ ಮನೆಯ ಗೇಟಿಗೆ ಬಣ್ಣ ಬಳಿಸಿದರು.

ಹೆಂಡತಿ ಕಾರಿನ ಸುತ್ತ ಒಂದು ಸುತ್ತು ಬಂದಳು. ಕೂಗಾಡಲಿಲ್ಲ.

‘ಊರಿಗೆಲ್ಲ ಆಯ್ತು ಬಿಡಿ ಅಂತೀರಿ. ಒಂದು ಸಲ, ಒಂದೇ ಸಲ, ಯಾರಿಗಾದ್ರೂ ಇಲ್ಲ ಅಂದಿದ್ದನ್ನ ತೋರಿಸಿ ನೋಡೋಣ.’

ಅವನು ನೆಲ ನೋಡುತ್ತ ಬಹಳ ಹೊತ್ತು ಯೋಚಿಸಿ, ‘ಆಯ್ತು ಬಿಡು’ ಎಂದ.

ಅವಳು ಒಳಗೆ ಹೋಗಿ ಬ್ಯಾಗು ತುಂಬಿಕೊಂಡಳು. ಬಾಗಿಲಲ್ಲಿ ನಿಂತು ಹೇಳಿದ ಮಾತು ಇಷ್ಟು: ‘ಅಕ್ಕನ ಮನೆಗೆ ಹೋಗ್ತಿದೀನಿ. ಹೋಗೋದು ಬಸ್ಸಲ್ಲಿ. ವಾಪಸ್ ಬರೋದಾದ್ರೆ ಇದೇ ಕಾರಲ್ಲಿ. ಇದು ಅಲ್ಲೀವರೆಗೆ ಬರುತ್ತೋ, ನೀವು ಅಲ್ಲೀವರೆಗೆ ಬರ್ತೀರೋ, ಎರಡನ್ನೂ ನೋಡೇಬಿಡ್ತೀನಿ.’

ಅವಸರದಲ್ಲಿ ತನ್ನ ಓದುವ ಕನ್ನಡಕವನ್ನು ಅಂಗಡಿಯ ಮೇಜಿನ ಮೇಲೆ ಮರೆತು ಹೋದಳು. ಮರೆತಳು ಎಂದೇ ಅವನು ತಿಳಿದ. ಇಪ್ಪತ್ತು ವರ್ಷ ಕನ್ನಡಕದಂಗಡಿಯಲ್ಲಿ ಕುಳಿತ ಹೆಂಗಸು ಹೊರಡುವಾಗ ತನ್ನ ಕನ್ನಡಕವನ್ನೇ ಮರೆಯುತ್ತಾಳೆಯೇ ಎಂದು ಕೇಳುವ ಬುದ್ಧಿ ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಆಕ್ಸಲ್ಲೂ ಮುರಿಯುತ್ತಿರಲಿಲ್ಲ.

ಅವಳು ಹೋದ ಮೇಲೆ ಅಂಗಡಿಯ ಗಾಜುಗಳೆಲ್ಲ ಮಂಕಾದವು. ಬಾಗಿಲ ಪಕ್ಕದ ಚಿಕ್ಕ ಕುರ್ಚಿಯಲ್ಲಿ ಕುಳಿತು, ಗಿರಾಕಿಯ ಕೈಗೆ ಕೊಡುವ ಮುನ್ನ ಪ್ರತಿಯೊಂದು ಕನ್ನಡಕಕ್ಕೂ ಬಾಯಿ ಹತ್ತಿರ ತಂದು ‘ಹಾ’ ಎಂದು ಊದಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುವುದು ಅವಳ ಕೆಲಸ. ಅವನೂ ಊದಿದ, ಒರೆಸಿದ. ಕಲೆ ಉಳಿಯಿತು. ಉಸಿರಿಗೂ ಉಸಿರಿಗೂ ವ್ಯತ್ಯಾಸವಿರುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳ ಕನ್ನಡಕವನ್ನು ಕೈಗೆತ್ತಿಕೊಂಡು ಸುಮ್ಮನೆ ಹಾಕಿಕೊಂಡ. ಅವನಿಗೆ ದೂರದ್ದು ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿತ್ತು. ಅವಳ ದಪ್ಪ ಗಾಜಿನಲ್ಲಿ ಎದುರಿನದೆಲ್ಲ ಕರಗಿ ಹೋಯಿತು. ಬೀದಿ ಕರಗಿತು, ದರ್ಜಿಯ ಸೈಕಲ್ಲು ಕರಗಿತು. ಬಾಗಿಲ ಪಕ್ಕದ ಕುರ್ಚಿಯೂ, ಅದರ ಬೆನ್ನಿಗೆ ಅವಳು ಬಿಟ್ಟುಹೋಗಿದ್ದ ಉಣ್ಣೆಯ ಕೋಟೂ ಒಂದರೊಳಗೊಂದು ಸೇರಿ, ಯಾರೋ ತಲೆ ತಗ್ಗಿಸಿ ಏನನ್ನೋ ಒರೆಸುತ್ತ ಕುಳಿತಂತಾಯಿತು. ಅವನು ಮಿಸುಕಾಡದೆ ನೋಡಿದ. ಅಂದಿನಿಂದ ದಿನಕ್ಕೊಂದು ಸಲ, ದರ್ಜಿಯ ಭಾವಮೈದುನ ಗೊರಕೆ ಹೊಡೆಯಲು ಶುರು ಮಾಡಿದ ಮೇಲೆ, ಆ ಕನ್ನಡಕ ಅವನ ಮೂಗಿನ ಮೇಲೆ ಏರುತ್ತಿತ್ತು.

ಆ ಬುಧವಾರ ಅವನು ಕ್ಷೌರ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿಯನ್ನು ಕರೆತರಲು ಕಾರು ಹತ್ತಿದ್ದ. ಅವಳ ಕೋಟನ್ನು ಪಕ್ಕದ ಸೀಟಿಗೆ ಹೊದಿಸಿದ. ಕನ್ನಡಕ ಅಂಗಿಯ ಜೇಬಿನಲ್ಲಿತ್ತು. ಗ್ರಂಥಾಲಯದ ತಿರುವಿನವರೆಗೂ ಜೇಬಿನಲ್ಲೇ ಇತ್ತು. ಅಲ್ಲಿ ರಸ್ತೆ ಖಾಲಿಯಿತ್ತು. ಒಂದೇ ಒಂದು ಕ್ಷಣ ಎಂದುಕೊಂಡು ಕನ್ನಡಕ ಏರಿಸಿ ಪಕ್ಕಕ್ಕೆ ತಿರುಗಿ ನೋಡಿದ. ಅವಳು ಕುಳಿತಿದ್ದಳು.

ಆಮೇಲೆ ಗುಂಡಿ.

ಸದ್ದಿಗೆ ಬೀದಿ ಬೀದಿಯೇ ಓಡಿಬಂತು. ಕಾರು ಮಂಡಿ ಮಡಚಿದ ಒಂಟೆಯಂತೆ ಒಂದು ಕಡೆಗೆ ಕುಸಿದಿತ್ತು.

‘ಅಯ್ಯೋ, ಕನ್ನಡಕದವರು.’

‘ಕನ್ನಡಕದವರಿಗೇ ಗುಂಡಿ ಕಾಣಲಿಲ್ವಂತಾ?’

‘ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಇದೇ.’

‘ಹೋದ ವಾರ ನನಗೆ ಕಣ್ಣು ನೋಡಿ ಪವರ್ ಬರಕೊಟ್ಟಿದ್ದು ಇವರೇ,’ ಎಂದು ಪೇಪರ್ ಮಾರುವವನು ತನ್ನ ಕನ್ನಡಕ ತೆಗೆದು ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡಿದ. ಅದೇ ಗುಂಡಿಯಲ್ಲಿ ಅವನದೊಂದು ಹಲ್ಲು ಹೋಗಿತ್ತು. ಟಪಾಲು ಹಂಚುವ ಹೆಂಗಸಿನ ಕಾಲು ಉಳುಕಿತ್ತು, ಗ್ರಂಥಾಲಯಕ್ಕೆ ಬರುತ್ತಿದ್ದ ಗರ್ಭಿಣಿಯೊಬ್ಬಳು ಬಿದ್ದು ಆಸ್ಪತ್ರೆ ಸೇರಿದ್ದಳು. ಬಿದ್ದವರೆಲ್ಲ ಧೂಳು ಕೊಡವಿಕೊಂಡು, ‘ನಾನೇ ನೋಡಿಕೊಂಡು ನಡೀಬೇಕಿತ್ತು’ ಎಂದು ಮನೆಗೆ ಹೋಗಿದ್ದರು. ಆಳುವವರಿಗೆ ಇದಕ್ಕಿಂತ ಒಳ್ಳೆಯ ಪ್ರಜೆಗಳು ಬೇಕೆ? ತಳ್ಳಿದವನನ್ನು ಬಿಟ್ಟು ತನ್ನ ಕಾಲನ್ನೇ ಬೈದುಕೊಳ್ಳುವ ವಿದ್ಯೆಯನ್ನು ನಮಗೆ ಯಾವ ಶಾಲೆಯಲ್ಲಿ ಇಷ್ಟು ಚೆನ್ನಾಗಿ ಕಲಿಸಿದರೋ.

ಆಯ್ತುಬಿಡಿ ಆ ಹೊತ್ತಿಗೆ ಕನ್ನಡಕವನ್ನು ಜೇಬಿಗೆ ಸೇರಿಸಿದ್ದ.

ಮೆಕ್ಯಾನಿಕ್ ಕಾರಿನಡಿ ತೂರಿ ಹೊರಬಂದು, ಸಾವಿನ ಸುದ್ದಿ ಹೇಳುವ ಡಾಕ್ಟರಂತೆ ಕೈ ಒರೆಸಿಕೊಂಡ. ‘ಆಕ್ಸಲ್ ಹೋಯ್ತಣ್ಣ. ಸ್ಟೇರಿಂಗ್ ರಾಡೂ ಬಗ್ಗಿದೆ. ಮಿಕ್ಕಿದ್ದು ಈಗ ಹೋಗಿದ್ದಲ್ಲ, ಮೊದಲೇ ಹೋಗಿತ್ತು.’ ಈ ಕೊನೆಯ ಮಾತಿಗೆ ಮೇಷ್ಟ್ರು ಜೋರಾಗಿ ಕೆಮ್ಮಿದರು.

ಸಂಜೆ ಷಡ್ಡಕನ ಫೋನು ಬಂತು. ‘ಏನ್ ಷಡ್ಡಕರೇ, ಇವತ್ತು ಬರ್ತೀನಿ ಅಂದಿದ್ರಿ. ಕಾರು ಹೊರಡಲಿಲ್ವಾ, ನೀವು ಹೊರಡಲಿಲ್ವಾ?’

‘ಅಂಗಡೀಲಿ ಸ್ವಲ್ಪ ಗಿರಾಕಿಗಳು ಜಾಸ್ತಿ,’ ಎಂದ ಆಯ್ತುಬಿಡಿ. ಕಾರು ಗುಂಡಿಗೆ ಬಿತ್ತು ಎಂದರೆ, ಹೇಗೆ ಬಿತ್ತು ಎನ್ನುತ್ತಾರೆ. ಹೇಗೆ ಬಿತ್ತು ಎನ್ನುವುದನ್ನು ಷಡ್ಡಕನಿಗೆ ಹೇಳುವುದಕ್ಕಿಂತ ಅದೇ ಗುಂಡಿಗೆ ಇನ್ನೊಂದು ಸಲ ಬೀಳುವುದು ವಾಸಿ.

‘ಬೇಗ ಬನ್ನಿ ಸ್ವಾಮಿ. ನಿಮ್ಮ ಮನೆಯವರಿಗೆ ಹತ್ತಿರದ್ದು ಕಾಣಲ್ಲ, ನನ್ನ ಟೀಗೆ ದಿನಾ ಉಪ್ಪು ಹಾಕ್ತಿದಾರೆ. ಇಲ್ಲೇ ಒಂದು ಕನ್ನಡಕ ಮಾಡಿಸಿಕೊಡ್ತೀನಿ ಅಂದ್ರೆ ಬೇಡವಂತೆ. ನಮ್ಮ ಅಂಗಡೀದೇ ಬರುತ್ತೆ ಅಂತ ಕೂತಿದಾರೆ.’

‘ಅವಳು ಹೇಗಿದಾಳೆ’ ಎಂದು ಕೇಳಬೇಕೆಂದು ಬಾಯಿ ತೆರೆದವನು, ‘ಉಪ್ಪು ಜಾಸ್ತಿ ಹಾಕ್ತಾಳಾ?’ ಎಂದು ಕೇಳಿದ.

ಕಾರು ಎದ್ದು ನಿಲ್ಲದೆ ಅವಳು ಬರುವುದಿಲ್ಲ. ಕೈಯಲ್ಲಿದ್ದದ್ದೆಲ್ಲ ಮೇಷ್ಟ್ರ ಗೇಟಿನ ಬಣ್ಣವಾಗಿ ಹೊಳೆಯುತ್ತಿತ್ತು. ಕಾರನ್ನು ವಾಪಸ್ ತೆಗೆದುಕೊಳ್ಳಿ ಎಂದು ಎಲ್ಲಿ ಕೇಳುತ್ತಾನೋ ಎಂಬ ದಿಗಿಲಿಗೆ ಮೇಷ್ಟ್ರೇ ಮುಂದಾಗಿ ಬಂದರು.

‘ನಗರಸಭೆ ಕೊಡಬೇಕು ಕಣ್ರೀ, ನಗರಸಭೆ. ಅವರ ರಸ್ತೆ, ಅವರ ಗುಂಡಿ. ಪರಿಹಾರ ಕೇಳೋಣ. ನಾನಿದೀನಲ್ಲ.’

‘ಆಯ್ತು ಬಿಡಿ.’

ನಗರಸಭೆಯ ಇಂಜಿನಿಯರು ಕಬ್ಬಿಣದ ಅಳತೆಪಟ್ಟಿ ಹಿಡಿದು ಗುಂಡಿಯ ದಡಕ್ಕೆ ಬಂದರು. ಹಿಂದಿನ ದಿನ ಮಳೆಯಾಗಿತ್ತು. ಗುಂಡಿಯಲ್ಲಿ ಆಕಾಶ ಕಾಣುತ್ತಿತ್ತು.

‘ಇದರಲ್ಲಿ ನೀರಿದೆ,’ ಎಂದರು ಇಂಜಿನಿಯರು. ‘ನೀರಿದ್ರೆ ಅದು ರಸ್ತೆ ವಿಭಾಗ ಅಲ್ಲ, ನೀರಿನ ವಿಭಾಗ.’

‘ನೀರು ಒಣಗಿದ ಮೇಲೆ?’ ಎಂದರು ಮೇಷ್ಟ್ರು.

‘ಒಣಗಿದ ಮೇಲೆ ನೋಡಬೇಕು. ಅಂಗೈ ಮುಳುಗೋವಷ್ಟಿದ್ರೆ ಅದು ರಸ್ತೆಯ ಸಹಜ ತಗ್ಗು. ಮೊಣಕೈ ಮುಳುಗಿದ್ರೆ ಮಾತ್ರ ಗುಂಡಿ.’

‘ಯಾರ ಮೊಣಕೈ?’

ಇಂಜಿನಿಯರು ಆಯ್ತುಬಿಡಿಯ ಕಡೆ ತಿರುಗಿದರು. ‘ಈಗ ನೀವು ಹೇಳಿ. ಈ ತಗ್ಗು ನಿಮಗೆ ಮೊದಲೇ ಕಾಣಿಸ್ತೋ, ಇಲ್ವೋ? ಕಾಣಿಸ್ತು ಅಂದ್ರೆ ಬೇಕಂತಲೇ ಇಳಿಸಿದ್ರಿ. ಕಾಣಿಸಲಿಲ್ಲ ಅಂದ್ರೆ ತಪ್ಪು ರಸ್ತೇದಲ್ಲ, ಕಣ್ಣಿಂದು. ಅದರಲ್ಲೂ ನಿಮ್ಮ ವೃತ್ತಿಗೆ ಅದು ಶೋಭೆ ತರಲ್ಲ.’

ಆಯ್ತುಬಿಡಿಯ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ‘ಆಯ್ತು ಬಿ—’ ಎನ್ನುವಷ್ಟರಲ್ಲಿ ಮೇಷ್ಟ್ರು ಸೊಂಟಕ್ಕೆ ಚಿವುಟಿದರು.

‘ಇನ್ನೊಂದು ವಿಷಯ,’ ಇಂಜಿನಿಯರು ಅಳತೆಪಟ್ಟಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. ಅದನ್ನು ಗುಂಡಿಗೆ ಇಳಿಸಿಯೇ ಇರಲಿಲ್ಲ. ‘ನಮಗೆ ಗೊತ್ತಿರೋ ಗುಂಡಿಗೆ ಮಾತ್ರ ಪರಿಹಾರ. ನೀವು ಬೀಳೋಕೆ ಮುಂಚೆ ಯಾರಾದ್ರೂ ದೂರು ಕೊಟ್ಟಿರಬೇಕು. ದೂರು ಕೊಟ್ಟೋರು ನಿಮ್ಮ ಸಂಬಂಧಿಕರಾಗಿರಬಾರದು, ಆಗಿದ್ರೆ ಅದು ಒಳಸಂಚು. ಗೊತ್ತಿಲ್ಲದ ಗುಂಡಿ, ನಿಯಮದ ಪ್ರಕಾರ, ಗುಂಡಿ ಅಲ್ಲ.’

ಹೀಗೆ ಆಯ್ತುಬಿಡಿ ತನಗಿಂತ ಮೊದಲು ಬಿದ್ದು ದೂರು ಕೊಟ್ಟ ಪುಣ್ಯಾತ್ಮರನ್ನು ಹುಡುಕಿಕೊಂಡು ನಗರಸಭೆಯ ಮೆಟ್ಟಿಲು ಹತ್ತಿದ.

ದೂರು ವಿಭಾಗ ಉದ್ದನೆಯ ಪಡಸಾಲೆಯ ತುದಿಯಲ್ಲಿತ್ತು. ಪಡಸಾಲೆಯಲ್ಲಿ ಒಂದು ಬೆಂಚು, ಕುಡಿಯುವ ನೀರಿನ ಡ್ರಮ್ಮು, ಡ್ರಮ್ಮಿಗೆ ಸರಪಳಿಯಿಂದ ಕಟ್ಟಿದ ಲೋಟ. ಒಳಗೆ ಕೂದಲು ನರೆತ ಹೆಂಗಸೊಬ್ಬರು ಎಳೆಮಗುವಿನ ಕಾಲುಚೀಲ ಹೆಣೆಯುತ್ತ ಒಂದು ಫೋನಿನ ಮುಂದೆ ಕುಳಿತಿದ್ದರು. ಕಚೇರಿಯವರು ಅವರನ್ನು ದೂರಿನಮ್ಮ ಎನ್ನುತ್ತಿದ್ದರು.

‘ಗ್ರಂಥಾಲಯದ ಮುಂದಿನ ಗುಂಡೀನಾ?’ ಎಂದರು ದೂರಿನಮ್ಮ. ‘ಬರೆದಿಟ್ಟಿರೋದು ಏನೂ ಇಲ್ಲಪ್ಪ. ಫೋನ್ ಬಂದ್ರೆ ಗಮನಕ್ಕೆ ಬಂದಿದೆ ಅಂತ ಹೇಳು, ಬರ್ಕೊಬೇಡ ಅಂತ ಮೇಲಿನವರ ಅಪ್ಪಣೆ. ಬರ್ಕೊಂಡ್ರೆ ಗೊತ್ತಾದ ಹಾಗಾಗುತ್ತೆ. ಗೊತ್ತಾದ್ರೆ ಮುಚ್ಚಬೇಕಾಗುತ್ತೆ.’

‘ಆಯ್ತು ಬಿಡಿ,’ ಎಂದು ಅವನು ಹೊರಟ.

‘ಆದ್ರೆ ಒಬ್ಬರು ದಿನಾ ಫೋನ್ ಮಾಡ್ತಾರೆ. ನಾನು ಟೀ ಕುಡಿದು ಲೋಟ ಇಡೋ ಹೊತ್ತಿಗೆ ಸರಿಯಾಗಿ. ಹೋದ ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ. ಬೇರೆ ಊರಿನ ಹೆಂಗಸು. ಬಸ್ಸಲ್ಲಿ ಆ ಗುಂಡಿ ದಾಟುವಾಗ ತಲೆ ಕಿಟಕಿಗೆ ಬಡೀತಂತೆ. ನಾನೂ ಗಮನಕ್ಕೆ ಬಂದಿದೆ ಅಂದೆ. ಅದಕ್ಕೆ ಆಕೆ ಏನಂದ್ರು ಗೊತ್ತಾ?’ ದೂರಿನಮ್ಮ ಹೆಣಿಗೆಯನ್ನು ಮಡಿಲಿಗಿಟ್ಟು, ದನಿ ಬದಲಿಸಿ ನಟಿಸಿದರು. ‘ನನ್ನ ತಲೆ ಹೋಗ್ಲಿ ಬಿಡಿ ಅಮ್ಮ. ನಮ್ಮನೆಯವರು ಅದೇ ರಸ್ತೇಲಿ ಕಾರು ತಗೊಂಡು ಬರೋರಿದಾರೆ. ಅವರಿಗೆ ಕಣ್ಣು ಚೆನ್ನಾಗೇ ಇದೆ. ಆದ್ರೆ ನನ್ನ ಕನ್ನಡಕ ಅಲ್ಲೇ ಬಿಟ್ಟು ಬಂದಿದೀನಿ. ತಂದುಕೊಡೋಕೆ ಅಂತ ಬರ್ತಾರೆ. ತರೋವಾಗ ಜೇಬಲ್ಲಿ ಇಟ್ಕೊಳ್ಳಲ್ಲ, ಮೂಗಿನ ಮೇಲೆ ಇಟ್ಕೊಂಡು ಬರ್ತಾರೆ. ನನಗೆ ಗೊತ್ತು. ಅವರು ಬರೋದ್ರೊಳಗೆ ಮುಚ್ಚಿಸಿಬಿಡಿ.’

ಆಯ್ತುಬಿಡಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

‘ಯಾಕಪ್ಪ, ತಲೆ ಸುತ್ತು ಬಂತಾ? ಆ ಬೆಂಚ ಮೇಲೆ ಕೂತ್ಕೊ.’

ಅವನು ಬೆಂಚಿನ ಮೇಲೆ ಕುಳಿತ. ದೂರಿನಮ್ಮನ ಟೀ ಬಂತು. ಅವರು ಕುಡಿದರು, ಲೋಟ ಇಟ್ಟರು. ಫೋನು ಬಡಿಯಿತು.

‘ಹೇಳಮ್ಮ… ಇಲ್ಲಮ್ಮ, ಇನ್ನೂ ಮುಚ್ಚಿಲ್ಲ… ಇವತ್ತೂ ಬರಲಿಲ್ವಾ?… ಕೆಲಸ ಇದ್ದೀತು ತಾಯಿ… ಹೌದಾ, ಮತ್ತೆ ಉಪ್ಪಾ?’ ದೂರಿನಮ್ಮ ನಕ್ಕರು. ಅವರು ನಕ್ಕಾಗ ಆ ತುದಿಯಲ್ಲೂ ನಗು ಬಂದಿರಬೇಕು. ಆಯ್ತುಬಿಡಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವನು ಎಷ್ಟು ಬಾಗಿದನೆಂದರೆ ಬೆಂಚಿನ ಇನ್ನೊಂದು ತುದಿ ಮೇಲೆದ್ದಿತು.

ಮರುದಿನ ಅಂಗಡಿಯನ್ನು ದರ್ಜಿಯ ಭಾವಮೈದುನನ ಗೊರಕೆಗೆ ಒಪ್ಪಿಸಿ ಮತ್ತೆ ಹೋದ. ಅದರ ಮರುದಿನವೂ ಹೋದ. ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ಬೆಂಚು ಹಿಡಿಯುತ್ತಿದ್ದ. ದೂರಿನಮ್ಮನಿಗೆ ಸಂಗತಿ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನ ಜೇಬಿನಿಂದ ಹೆಂಗಸರ ಕನ್ನಡಕವೊಂದು ಇಣುಕುತ್ತಿತ್ತು. ಫೋನು ಬಂದಾಗಲೆಲ್ಲ ಅವರು ರಿಸೀವರಿಗೆ ಅಂಗೈ ಮುಚ್ಚಿ, ಹುಬ್ಬು ಹಾರಿಸಿ, ‘ಕೊಡ್ಲಾ?’ ಎಂದು ಸನ್ನೆಯಲ್ಲೇ ಕೇಳುತ್ತಿದ್ದರು. ಅವನು ಬೇಡವೆಂದು ತಲೆಯಾಡಿಸಿಬಿಡುತ್ತಿದ್ದ. ಮಾತಾಡಿದರೆ ಕಾರಿನ ಸುದ್ದಿ ಹೇಳಬೇಕು. ಕಾರಿನ ಸುದ್ದಿ ಹೇಳಿದರೆ ಅವಳು ಕಾಯುವುದನ್ನು ಬಿಟ್ಟರೆ? ಕಾಯುತ್ತಿದ್ದಾಳೆ ಎನ್ನುವುದೊಂದೇ ಅವನ ಕೈಯಲ್ಲಿದ್ದ ಆಸ್ತಿ. ಅವಳ ಮಾತಿನ ಅರ್ಧವನ್ನು, ಅದೂ ಬೇರೆಯವರ ಬಾಯಲ್ಲಿ, ಬೊಗಸೆಯಲ್ಲಿ ನೀರು ಹಿಡಿದಂತೆ ಹಿಡಿದುಕೊಂಡು ಅವನು ದಿನಾ ಮನೆಗೆ ಹೋಗುತ್ತಿದ್ದ.

ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಊರಲ್ಲಿ ಬರವೇ? ‘ಆಯ್ತುಬಿಡಿ ನಗರಸಭೇಲಿ ಧರಣಿ ಕೂತಿದಾನಂತೆ’ ಎಂದು ಸುದ್ದಿ ಹಬ್ಬಿತು.

ಮೊದಲು ಬಂದವನು ಪೇಪರ್ ಮಾರುವವನು. ಬೆಂಚಿನ ಪಕ್ಕ ನೆಲಕ್ಕೆ ಕುಳಿತು, ತುಟಿ ಸರಿಸಿ ಹೋದ ಹಲ್ಲಿನ ಜಾಗವನ್ನು ಬಂದವರಿಗೆಲ್ಲ ತೋರಿಸಿದ. ಟಪಾಲಿನ ಹೆಂಗಸು ಉಳುಕಿದ ಕಾಲನ್ನು ಚಾಚಿ ಕುಳಿತಳು. ಆಸ್ಪತ್ರೆ ಸೇರಿದ್ದ ಆ ಹೆಂಗಸು ಗಂಡನ ಜೊತೆ ಬಂದು ಗೋಡೆಗೊರಗಿ ಕುಳಿತಳು. ಅವಳ ಮಡಿಲು ಖಾಲಿಯಿತ್ತು. ಒಳಗಿದ್ದ ದೂರಿನಮ್ಮ ಅವಳನ್ನು ನೋಡಿ, ಹೆಣೆಯುತ್ತಿದ್ದ ಕಾಲುಚೀಲವನ್ನು ಮೇಜಿನ ಖಾನೆಗೆ ಸರಿಸಿದರು. ಮೇಷ್ಟ್ರು ಎದ್ದು ನಿಂತು ಭಾಷಣ ಶುರು ಮಾಡಿದರು.

‘ಬಂಧುಗಳೇ, ಈ ಮನುಷ್ಯನನ್ನ ನೋಡಿ. ಜೀವಮಾನದಲ್ಲಿ ಯಾರಿಗೂ ಎದುರಾಡಿದೋರಲ್ಲ. ಇಂಥವರೇ ಎದ್ದು ನಿಂತ ಮೇಲೆ…’

ಆಯ್ತುಬಿಡಿ ಎದ್ದು ನಿಂತಿರಲಿಲ್ಲ, ಕುಳಿತಿದ್ದ. ಅಷ್ಟರಲ್ಲಿ ಒಳಗೆ ಟೀ ಲೋಟ ಇಟ್ಟ ಸದ್ದಾಯಿತು. ಫೋನು ಬಡಿಯಿತು. ಮೇಷ್ಟ್ರ ಗಂಟಲು ಏರುತ್ತಲೇ ಇತ್ತು. ಪತ್ರಿಕೆಯವನೊಬ್ಬ ಬಂದು, ‘ನಿಮ್ಮ ಬೇಡಿಕೆ ಏನು ಸಾರ್?’ ಎಂದು ಆಯ್ತುಬಿಡಿಯ ಬಾಯಿಗೆ ಮೈಕು ಹಿಡಿದ.

‘ದಯವಿಟ್ಟು ಯಾರೂ ಸದ್ದು ಮಾಡಬೇಡಿ,’ ಎಂದ ಆಯ್ತುಬಿಡಿ, ಅಳುವ ದನಿಯಲ್ಲಿ.

ಮರುದಿನದ ಪತ್ರಿಕೆಯಲ್ಲಿ ‘ಮೌನ ಧರಣಿಗೆ ಕರೆ’ ಎಂದು ಬಂತು.

ಅಂದಿನಿಂದ ಪಡಸಾಲೆ ತುಂಬ ಜನ ಬಾಯಿಗೆ ಬೀಗ ಹಾಕಿಕೊಂಡು ಕುಳಿತರು. ಕೂಗುವ ಜನರನ್ನು ನಗರಸಭೆ ಬಹಳ ನೋಡಿತ್ತು. ಕೂಗಿದವನಿಗೆ ಗಂಟಲು ಒಣಗುತ್ತದೆ, ಮನೆಗೆ ಹೋಗುತ್ತಾನೆ. ಸುಮ್ಮನೆ ಕುಳಿತು ನೋಡುವವನನ್ನು ಏನು ಮಾಡಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಗುಮಾಸ್ತರು ಫೈಲು ಹಿಡಿದು ಪಡಸಾಲೆ ದಾಟುವಾಗ ಬೂಟು ಕಿರುಗುಟ್ಟದಂತೆ ತುದಿಗಾಲಲ್ಲಿ ನಡೆದರು. ಇಂಜಿನಿಯರು ಹಿಂಬಾಗಿಲಿನಿಂದ ಬರತೊಡಗಿದರು. ಆ ಮೌನದಲ್ಲಿ ದೂರಿನಮ್ಮನ ದನಿಯೊಂದೇ ಎಲ್ಲರಿಗೂ ಕೇಳುತ್ತಿತ್ತು.

‘ಇಲ್ಲ ತಾಯಿ, ಮುಚ್ಚಿಲ್ಲ… ಬರ್ತಾರೆ, ಬಂದೇ ಬರ್ತಾರೆ… ಹಾಗೆಲ್ಲ ಅಂದ್ಕೋಬಾರದು… ಮರೆತಿಲ್ಲ ಕಣಮ್ಮ, ಮರೆಯೋ ಜಾತಿ ಅಲ್ಲ ಅವರು.’

ಟಪಾಲಿನ ಹೆಂಗಸು ಕಣ್ಣು ಒರೆಸಿಕೊಂಡಳು. ಫೋನು ಮಾಡುವ ಆ ಹೆಂಗಸು ಯಾರೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಬಾರದವನನ್ನು ಕಾಯುವುದು ಏನೆಂದು ಗೊತ್ತಿತ್ತು, ಅಷ್ಟು ಸಾಕಾಗಿತ್ತು. ‘ಎಂಥ ಗಂಡಸೋ ಅವನು, ಕಲ್ಲು,’ ಎಂದು ಪೇಪರ್ ಮಾರುವವನು ಆಯ್ತುಬಿಡಿಯ ಕಿವಿಯಲ್ಲಿ ಪಿಸುಗುಟ್ಟಿದ. ‘ಹೌದು,’ ಎಂದ ಆಯ್ತುಬಿಡಿ.

ಕೊನೆಗೆ ದೊಡ್ಡ ಸಾಹೇಬರಿಂದ ಕರೆ ಬಂತು.

ಸಾಹೇಬರ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳಿದ್ದವು. ನೆಲದ ಹಾಸು ಎಷ್ಟು ದಪ್ಪವೆಂದರೆ ಆ ಕೋಣೆಯಲ್ಲಿ ಬಿದ್ದರೆ ಯಾರಿಗೂ ಪೆಟ್ಟಾಗುತ್ತಿರಲಿಲ್ಲ. ಪಕ್ಕದಲ್ಲಿ ಇಂಜಿನಿಯರು ನಿಂತಿದ್ದರು. ಆಯ್ತುಬಿಡಿಯ ಜೊತೆ ಮೇಷ್ಟ್ರೂ ಕರೆಯದೆ ಒಳಗೆ ಬಂದಿದ್ದರು.

‘ಕೂತ್ಕೊಳ್ಳಿ ಯಜಮಾನರೇ,’ ಎಂದರು ಸಾಹೇಬರು. ‘ನಾಳೆ ಮೇಲಿನವರು ಕಚೇರಿ ನೋಡೋಕೆ ಬರ್ತಿದಾರೆ. ಪಡಸಾಲೇಲಿ ಇಷ್ಟು ಜನ ಮೂಗರ ಹಾಗೆ ಕೂತಿದ್ರೆ ಚೆನ್ನಾಗಿರಲ್ಲ. ನಿಮ್ಮ ಹಟ ಗೆದ್ದಿದೆ. ಗುಂಡಿ ಇದೆ ಅಂತ ಒಪ್ಕೋತೀವಿ.’

‘ಮೊಣಕೈವರೆಗೂ ಇದೆ,’ ಎಂದರು ಇಂಜಿನಿಯರು ನೆಲ ನೋಡುತ್ತ.

‘ನೀವು ಬೀಳೋಕೆ ಮುಂಚೆ ಒಬ್ಬ ಹೆಂಗಸು ಫೋನಲ್ಲಿ ದೂರು ಕೊಟ್ಟಿದ್ರು ಅಂತ ನಮ್ಮ ದೂರಿನಮ್ಮನೇ ಹೇಳಿದಾರೆ. ಅಲ್ಲಿಗೆ ನಿಯಮ ತೀರ್ತು. ಕಾರು ರಿಪೇರಿ ಖರ್ಚು ಪೂರ್ತಿ ನಮ್ಮದು. ಇಲ್ಲೊಂದು ಸಹಿ ಹಾಕಿ, ಹೊರಗಿರೋರನ್ನ ಮನೆಗೆ ಕಳಿಸಿ.’

ಸಾಹೇಬರು ತಳ್ಳಿದ ಹಾಳೆಯಲ್ಲಿ ಒಂದೇ ಸಾಲಿತ್ತು, ಇರುವೆ ಸಾಲಿನಷ್ಟು ಸಣ್ಣಕ್ಷರ. ಆಯ್ತುಬಿಡಿ ಹಾಳೆಯನ್ನು ದೂರ ಹಿಡಿದ, ಇನ್ನೂ ದೂರ ಹಿಡಿದ. ತೋಳು ಸಾಲಲಿಲ್ಲ. ‘ನಿಮಗೂ ವಯಸ್ಸಾಯ್ತು, ನನ್ನದು ಹಾಕ್ಕೊಂಡು ನೋಡಿ’ ಎಂದು ಅವಳು ಎಷ್ಟೋ ಸಲ ನಕ್ಕಿದ್ದಳು. ಜೇಬಿನಿಂದ ಕನ್ನಡಕ ತೆಗೆದು, ‘ಹಾ’ ಎಂದು ಊದಿ, ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡ. ಸಾಹೇಬರು ಕರಗಿದರು, ಇಂಜಿನಿಯರು ಕರಗಿದರು. ಕೈಯಲ್ಲಿದ್ದ ಸಾಲು ಮಾತ್ರ ಗಾಜಿನ ಹಾಗೆ ತಿಳಿಯಾಯಿತು.

‘ದೂರು ಕೊಟ್ಟ ಮಹಿಳೆ ನನಗೆ ಯಾರೂ ಅಲ್ಲ.’

ಅವನು ಇನ್ನೊಂದು ಸಲ ಓದಿದ.

‘ಸ್ವಾಮಿ,’ ಎಂದ. ‘ಇವಳು ನನ್ನ ಹೆಂಡತಿ.’

ಮೇಷ್ಟ್ರು ಬಾಯಿ ತೆರೆದು, ಜೀವನದಲ್ಲಿ ಮೊದಲ ಸಲ, ಏನೂ ಹೇಳದೆ ಮುಚ್ಚಿದರು.

ಸಾಹೇಬರು ಚೇತರಿಸಿಕೊಂಡು ಮುಂದಕ್ಕೆ ಬಾಗಿದರು. ದನಿ ಇನ್ನಷ್ಟು ಮೆತ್ತಗಾಯಿತು. ‘ನಾವು ಕೇಳಿಸ್ಕೊಂಡಿಲ್ಲ ಬಿಡಿ. ಇದು ಬರೀ ಒಂದು ಗೆರೆ ಯಜಮಾನರೇ. ಕಾಗದದ ಮೇಲೆ ಯಾರೂ ಅಲ್ಲ ಅಂದ್ರೆ ಮನೇಲಿ ಯಾರೂ ಅಲ್ಲ ಅಂತ ಆಗುತ್ತಾ? ಸಹಿ ಹಾಕಿ, ಕಾರು ರಿಪೇರಿ ಮಾಡಿಸಿ, ಅದರಲ್ಲೇ ಹೋಗಿ ಅವರನ್ನ ಕರ್ಕೊಂಡು ಬನ್ನಿ. ಯಾರಿಗೆ ನಷ್ಟ?’

‘ಹಾಕಿಬಿಡ್ರೀ,’ ಎಂದರು ಮೇಷ್ಟ್ರು ಅವನ ಕಿವಿಯ ಹತ್ತಿರ. ‘ಕೈಗೆ ಬಂದ ತುತ್ತು.’

‘ಮೆಕ್ಯಾನಿಕ್ಕಿಗೆ ಇವತ್ತೇ ಫೋನ್ ಮಾಡಿಸ್ತೀನಿ,’ ಎಂದರು ಇಂಜಿನಿಯರು. ‘ನಾಡಿದ್ದು ಕಾರು ನಿಮ್ಮ ಬಾಗಿಲಲ್ಲಿ.’

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಆ ಬಾಯಿಂದ ಹೊರಡುವ ಮಾತು ಯಾವುದೆಂದು ಊರಿಗೇ ಗೊತ್ತಿತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಅವನ ಬೆರಳುಗಳ ನಡುವೆ ಇಟ್ಟೇಬಿಟ್ಟರು.

ನಾಡಿದ್ದು. ನಾಡಿದ್ದು ಅವಳು ಪಕ್ಕದ ಸೀಟಿನಲ್ಲಿ, ಕೋಟಲ್ಲ, ಅವಳೇ. ಆಯ್ತುಬಿಡಿ ಪೆನ್ನನ್ನು ನೋಡಿದ. ಪೆನ್ನನ್ನು ಮೇಜಿನ ಮೇಲೆ ಮಲಗಿಸಿದ, ಮಲಗಿದ ಮಗುವನ್ನು ಇಡುವಷ್ಟು ನಿಧಾನವಾಗಿ.

‘ಇಲ್ಲ,’ ಎಂದ.

ಆ ಮಾತು ತನ್ನದೇ ಬಾಯಿಂದ ಬಂದದ್ದು ಹೌದೋ ಎಂದು ಅವನೇ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರ ಮುಖ ನೋಡಿದರೆ ಹೌದು ಎಂದು ಗೊತ್ತಾಗುತ್ತಿತ್ತು.

‘ಇಲ್ಲ ಅಂದ್ರೆ?’ ಸಾಹೇಬರ ದನಿಯಿಂದ ಮೆತ್ತಗಿನದೆಲ್ಲ ಸೋರಿಹೋಯಿತು.

‘ಇಲ್ಲ ಅಂದ್ರೆ ಇಲ್ಲ ಸ್ವಾಮಿ. ಹಾಗಂತ ನಾನು ಬರೆದುಕೊಡಲ್ಲ. ನೀವು ಗೊತ್ತಿಲ್ಲ ಅಂತ ಕೂತಿದ್ದ ಗುಂಡಿ ಅವಳಿಗೆ ಮೊದಲೇ ಗೊತ್ತಿತ್ತು. ನಾನು ಹೇಗೆ ಬೀಳ್ತೀನಿ ಅನ್ನೋದೂ ಗೊತ್ತಿತ್ತು. ಕನ್ನಡಕ ಹಾಕ್ಕೊಂಡಿದ್ದೂ ನಿಜ, ಬೇಕಾದ್ರೆ ಬರ್ಕೊಳ್ಳಿ.’

‘ಹಾಗಾದ್ರೆ ಒಂದು ಬಿಡಿಗಾಸೂ ಇಲ್ಲ. ಕಾರು ಅಲ್ಲೇ ತುಕ್ಕು ಹಿಡೀಲಿ.’

‘ಹಿಡೀಲಿ.’

‘ಎದ್ದೇಳಿ ಮತ್ತೆ. ಈ ಕಟ್ಟಡದಲ್ಲಿ ನಿಮಗಿನ್ನು ಕೆಲಸ ಇಲ್ಲ. ಆ ಬೆಂಚು ಖಾಲಿ ಮಾಡಿ, ನಿಮ್ಮ ಜನಾನೂ ಕರ್ಕೊಂಡು ಈಗಿಂದೀಗಲೇ ಹೊರಗೆ ನಡೀರಿ.’

ಬಾಗಿಲು ಅರ್ಧ ತೆರೆದಿತ್ತು. ಪಡಸಾಲೆಯಲ್ಲಿ ಕುಳಿತವರು ಯಾರೂ ಅಲುಗಿರಲಿಲ್ಲ. ಗೋಡೆಗೊರಗಿದ್ದ ಆ ಹೆಂಗಸು ಮಾತ್ರ ತಲೆಯೆತ್ತಿ ಈ ಕಡೆಗೇ ನೋಡುತ್ತಿದ್ದಳು. ಆ ತುದಿಯಲ್ಲಿ ದೂರಿನಮ್ಮ ಟೀ ಕುಡಿದು ಲೋಟ ಇಟ್ಟ ಸಣ್ಣ ಸದ್ದು ಈ ತುದಿಯವರೆಗೂ ಬಂತು.

ಆಯ್ತುಬಿಡಿ ಎದ್ದು, ಕನ್ನಡಕವನ್ನು ಮಡಚಿ ಜೇಬಿಗಿಟ್ಟುಕೊಂಡ.

‘ಇಲ್ಲ ಸ್ವಾಮಿ, ಹೋಗಲ್ಲ,’ ಎಂದ. ‘ಈಗ ಅವಳ ಫೋನ್ ಬರೋ ಹೊತ್ತು. ಇವತ್ತು ನಾನೇ ಎತ್ತಬೇಕು.’